ಹಳೆಯ ಟಿವಿಗೆ ಹೊಸ ಬಣ್ಣ: ಅಭಿಮಾನಿಗಳು ಕುಂಚ ಹಿಡಿದ ಕಥೆ

ಬ್ರಿಟನ್ನಿನ ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಧಾರಾವಾಹಿ ಶುರುವಾದಾಗ, ಅದರ ನಾಯಕನ ಕಾಲಯಂತ್ರದೊಳಗಿನ ನಿಯಂತ್ರಣ ಮೇಜಿಗೆ ತಿಳಿ ಹಸಿರು ಬಣ್ಣ ಬಳಿದಿದ್ದರು. ಅಚ್ಚ ಬಿಳಿ ಬಳಿದಿದ್ದರೆ ಅಂದಿನ ಕ್ಯಾಮೆರಾಗಳಲ್ಲಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ತಿಳಿ ಹಸಿರು ಪರದೆಯ ಮೇಲೆ ಹಿತವಾದ ಬಿಳಿಯಾಗಿ ಕಾಣುತ್ತಿತ್ತು. ಅಮೆರಿಕದ ‘ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್’ ಸರಣಿಯ ಕಪ್ಪು–ಬಿಳುಪು ಕಂತುಗಳಲ್ಲಿ ಜಾರ್ಜ್ ರೀವ್ಸ್ ತೊಟ್ಟಿದ್ದ ಉಡುಪು ನೀಲಿಯೂ ಅಲ್ಲ, ಕೆಂಪೂ ಅಲ್ಲ. ಕಂದು ಮತ್ತು ಬೂದು. 1964ರ ‘ಆಡಮ್ಸ್ ಫ್ಯಾಮಿಲಿ’ಯ ಹಜಾರ ಪರದೆಯ ಮೇಲೆ ಭೂತಬಂಗಲೆಯಂತೆ ಕಂಡರೂ, ಸೆಟ್ಟಿನಲ್ಲಿ ತೆಗೆದ ಬಣ್ಣದ ಫೋಟೊದಲ್ಲಿ ಎಲ್ಲೆಲ್ಲೂ ಗುಲಾಬಿ. ಹೀಗಿರುವಾಗ ಈ ಕಾರ್ಯಕ್ರಮಗಳಿಗೆ ಇಂದು ಬಣ್ಣ ತುಂಬಲು ಕುಳಿತವರು ಯಾವುದನ್ನು ತುಂಬಬೇಕು? ಸ್ಟುಡಿಯೋದಲ್ಲಿ ಇದ್ದ ಬಣ್ಣವನ್ನೇ, ನೋಡುಗರು ಮನಸ್ಸಿನಲ್ಲಿ ಕಂಡುಕೊಂಡ ಬಣ್ಣವನ್ನೇ?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ತಲೆಗೆ ಹಚ್ಚಿಕೊಂಡವರು ಅಭಿಮಾನಿಗಳು. ಮನೆಯ ಕಂಪ್ಯೂಟರಿನ ಮುಂದೆ ಕುಳಿತು, ಯಾರೂ ಕೇಳದಿದ್ದರೂ, ಕಾಸು ಹುಟ್ಟದಿದ್ದರೂ ಅವರು ಹಳೆಯ ಕಂತುಗಳಿಗೆ ಬಣ್ಣ ತುಂಬುತ್ತಾರೆ. ಮೂಲವನ್ನು ಕೆಡಿಸುವ ಕೆಲಸ ಎಂದು ಇದನ್ನು ಬೈಯುವವರಿಗೆ ಕೊರತೆಯಿಲ್ಲ. ಆದರೆ ಹಾಗೆ ಬೈಯುವ ಮಾತು ಹುಟ್ಟಿದ್ದು ಸಿನಿಮಾದ ಜಗಳದಲ್ಲಿ. ಟಿವಿಯ ಕಥೆ ಬೇರೆ. ಸಿನಿಮಾದಲ್ಲಿ ಬಣ್ಣ ತುಂಬುವುದು ವ್ಯಾಪಾರವಾಗಿ ಶುರುವಾಯಿತು. ಟಿವಿಯಲ್ಲಿ, ಕನಿಷ್ಠ ಬ್ರಿಟನ್ನಿನಲ್ಲಿ, ಅದು ಕಳೆದುಹೋದದ್ದನ್ನು ಮರಳಿ ತರುವ ಕೆಲಸವಾಗಿ ಶುರುವಾಯಿತು.

ಸಿನಿಮಾದ ಜಗಳವನ್ನು ಬೇಗ ಹೇಳಿ ಮುಗಿಸಬಹುದು. 1986ರಲ್ಲಿ ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಎಂಜಿಎಂ ಸಿನಿಮಾ ಸಂಸ್ಥೆಯ ಹಳೆಯ ಚಿತ್ರಗಳ ಭಂಡಾರವನ್ನು ಕೊಂಡು, ಅವುಗಳಿಗೆ ಕಂಪ್ಯೂಟರಿನಿಂದ ಬಣ್ಣ ಹಾಕಿಸಿ ಟಿವಿಯಲ್ಲಿ ತೋರಿಸತೊಡಗಿದರು. ನಿರ್ದೇಶಕರು ಸಿಡಿದೆದ್ದರು, 1987ರಲ್ಲಿ ವುಡಿ ಆ್ಯಲೆನ್ ಮುಂತಾದವರು ಅಮೆರಿಕದ ಸಂಸತ್ತಿನ ಸಮಿತಿಯೆದುರು ಸಾಕ್ಷ್ಯ ಹೇಳಿದರು. ನಿರ್ದೇಶಕ ಜಾನ್ ಹ್ಯೂಸ್ಟನ್ ಅವರ ‘ಆಸ್ಫಾಲ್ಟ್ ಜಂಗಲ್’ ಚಿತ್ರದ ಬಣ್ಣದ ಆವೃತ್ತಿಯ ವಿರುದ್ಧ ಅವರ ವಾರಸುದಾರರು ಫ್ರಾನ್ಸಿನಲ್ಲಿ ದಾವೆ ಹೂಡಿ, 1991ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದರು. ಛಾಯಾಗ್ರಾಹಕ ಬೆಳಕು–ನೆರಳನ್ನು ಅಳೆದು ತೂಗಿ ಕಟ್ಟಿದ ಚಿತ್ರಕ್ಕೆ ಬೇರೆಯವರು ಬಣ್ಣ ಬಳಿಯಬಾರದು ಎಂಬ ವಾದದಲ್ಲಿ ಹುರುಳಿದೆ. ನನಗೂ ಆ ಚಿತ್ರಗಳನ್ನು ಬಣ್ಣದಲ್ಲಿ ನೋಡುವ ಆಸೆಯಿಲ್ಲ.

ಬಣ್ಣದಲ್ಲೇ ತಯಾರಾಗಿ ಬಣ್ಣದಲ್ಲೇ ಪ್ರಸಾರವಾದ ಕಾರ್ಯಕ್ರಮವೊಂದು ಕಪ್ಪು–ಬಿಳುಪಿನಲ್ಲಿ ಮಾತ್ರ ಉಳಿದುಬಿಟ್ಟಿದ್ದರೆ? ಆಗ ‘ಮೂಲ’ ಎನ್ನುವುದು ಯಾವುದು?

ಬಿಬಿಸಿಯ ಮುಖ್ಯ ವಾಹಿನಿಗೆ ಬಣ್ಣ ಬಂದದ್ದು 1969ರ ನವೆಂಬರ್ 15ರಂದು. ‘ಡಾಕ್ಟರ್ ಹೂ’ 1970ರ ಜನವರಿಯಲ್ಲಿ, ನಟ ಜಾನ್ ಪರ್ಟ್ವೀ ನಾಯಕನಾದಾಗ ಬಣ್ಣಕ್ಕೆ ತಿರುಗಿತು. (ನಟ ಬದಲಾದಾಗಲೆಲ್ಲ ಕಥೆಯೊಳಗೆ ನಾಯಕನೇ ಹೊಸ ರೂಪ ತಾಳುತ್ತಾನೆ.) ಆ ಕಾಲದ ಎರಡು ಇಂಚು ಅಗಲದ ವಿಡಿಯೋ ಟೇಪು ದುಬಾರಿ. ಅಳಿಸಿ ಮತ್ತೆ ಬಳಸಬಹುದಾಗಿತ್ತು. ಮರುಪ್ರಸಾರಕ್ಕೆ ಕಲಾವಿದರ ಸಂಘದೊಂದಿಗಿನ ಒಪ್ಪಂದಗಳು ಮಿತಿ ಹಾಕಿದ್ದವು. ಮನೆಗೆ ಕೊಂಡೊಯ್ದು ನೋಡುವ ಕ್ಯಾಸೆಟ್ಟು ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಹಾಗಾಗಿ ಟೇಪುಗಳನ್ನು ಅಳಿಸುತ್ತಾ ಹೋದರು. ಅಳಿಸುವ ಮುನ್ನ ವಿದೇಶಗಳಿಗೆ ಮಾರಲೆಂದು ಕೆಲವು ಕಾರ್ಯಕ್ರಮಗಳನ್ನು 16 ಮಿ.ಮೀ. ಫಿಲ್ಮಿಗೆ ಇಳಿಸಿಕೊಳ್ಳುತ್ತಿದ್ದರು. ಕೊಳ್ಳುವ ದೇಶಗಳಲ್ಲಿ ಹಲವು ಆಗಿನ್ನೂ ಬಣ್ಣದ ಟಿವಿ ಕಂಡಿರಲಿಲ್ಲ. ಆಸ್ಟ್ರೇಲಿಯಕ್ಕೆ ಅದು ಪೂರ್ಣವಾಗಿ ಬಂದದ್ದು 1975ರಲ್ಲಿ. ಆದ್ದರಿಂದ ಆ ಫಿಲ್ಮು ಕಪ್ಪು–ಬಿಳುಪಾಗಿದ್ದರೆ ಸಾಕಿತ್ತು. ಎಪ್ಪತ್ತರ ದಶಕದ ಕೊನೆಗೆ ಬಿಬಿಸಿ ಎಚ್ಚೆತ್ತು ಸಂಗ್ರಹ ಕಾಪಾಡಲು ಹೊರಡುವ ಹೊತ್ತಿಗೆ, ಅರವತ್ತರ ದಶಕದ ‘ಡಾಕ್ಟರ್ ಹೂ’ ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಇಲ್ಲವಾಗಿದ್ದವು; ಪರ್ಟ್ವೀ ಕಾಲದ ಹಲವು ಕಂತುಗಳು ಬಣ್ಣ ಕಳೆದುಕೊಂಡು ಫಿಲ್ಮಿನಲ್ಲಿ ಮಾತ್ರ ಉಳಿದಿದ್ದವು.

ಅಭಿಮಾನಿಗಳು ಈ ಕಥೆಯೊಳಗೆ ಕಾಲಿಟ್ಟದ್ದು ಇಲ್ಲಿ. ಅಷ್ಟು ಹೊತ್ತಿಗಾಗಲೇ ಅವರು ಸಂಸ್ಥೆ ಮಾಡದ ಕೆಲಸವನ್ನು ತಾವು ಮಾಡಿ ತೋರಿಸಿದ್ದರು: ಕಾಣೆಯಾದ ಪ್ರತಿಯೊಂದು ಕಂತಿನ ಧ್ವನಿಯೂ ಇಂದು ಉಳಿದಿರುವುದು, ಪ್ರಸಾರದ ಹೊತ್ತಿನಲ್ಲಿ ಮನೆಯ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟುಕೊಂಡ ನೋಡುಗರಿಂದ. ಬಣ್ಣವೂ ಮೊದಲು ಹಾಗೆಯೇ ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಕೆಲವು ವಾಹಿನಿಗಳು ಪರ್ಟ್ವೀ ಕಂತುಗಳನ್ನು ಬಣ್ಣದಲ್ಲಿ ತೋರಿಸಿದ್ದವು. ಅಲ್ಲಿನ ಅಭಿಮಾನಿಗಳು ಅದನ್ನು ಮನೆಯ ವಿಡಿಯೋ ಟೇಪಿಗೆ ಇಳಿಸಿಕೊಂಡಿದ್ದರು. ಆ ಟೇಪಿನ ಚಿತ್ರ ಮಸುಕು, ಪ್ರಸಾರಕ್ಕೆ ಯೋಗ್ಯವಲ್ಲ. ಬಿಬಿಸಿಯ ಬಳಿ ಇದ್ದ ಫಿಲ್ಮು ಸ್ಪಷ್ಟ, ಆದರೆ ಬಣ್ಣವಿಲ್ಲ. ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಹೇಗೆ?

ಹೇಳಿದರೆ ಹುಚ್ಚು ಸಾಹಸ ಎನಿಸುತ್ತದೆ. ಅದು ಸಾಧ್ಯವಾಗಲು ಕಾರಣ ಬಣ್ಣದ ಟಿವಿಯ ವಿನ್ಯಾಸದಲ್ಲೇ ಇದೆ. ಕಪ್ಪು–ಬಿಳುಪು ಟಿವಿ ಇದ್ದವರಿಗೂ ಅದೇ ಪ್ರಸಾರ ಕಾಣಬೇಕಿತ್ತು. ಹಾಗಾಗಿ ಎಂಜಿನಿಯರುಗಳು ಬೆಳಕು–ನೆರಳಿನ ಸಂಕೇತವನ್ನು ಮೊದಲಿನಂತೆಯೇ ಬಿಟ್ಟು, ಬಣ್ಣದ ಸಂಕೇತವನ್ನು ಅದರ ಜೊತೆ ಸೇರಿಸಿ ಕಳಿಸಿದರು. ಮನುಷ್ಯನ ಕಣ್ಣು ಬೆಳಕಿನ ಸೂಕ್ಷ್ಮ ಗೆರೆಗಳನ್ನು ಹಿಡಿಯುವಷ್ಟು ಬಣ್ಣದ ಗೆರೆಗಳನ್ನು ಹಿಡಿಯುವುದಿಲ್ಲ. ಆದ್ದರಿಂದ ಚಿತ್ರದ ವಿವರವೆಲ್ಲ ಬೆಳಕಿನಲ್ಲಿ, ಬಣ್ಣ ಮಾತ್ರ ಒರಟಾಗಿ. ಬಣ್ಣದ ಟಿವಿ ಎಂಬುದು ಹುಟ್ಟಿನಿಂದಲೇ ಗೆರೆಚಿತ್ರದ ಮೇಲೆ ಮಕ್ಕಳು ಬಳಿದ ಜಲವರ್ಣದ ಹಾಗೆ. ಬಣ್ಣ ಗೆರೆ ದಾಟಿ ಹರಡಿದರೂ ಚಿತ್ರ ಕೆಡದು. ಫಿಲ್ಮಿನಿಂದ ವಿವರ, ಕ್ಯಾಸೆಟ್ಟಿನಿಂದ ಬಣ್ಣ ತೆಗೆದು ಸೇರಿಸಿ 1971ರ ‘ದಿ ಡೀಮನ್ಸ್’ ಕಥೆಯನ್ನು ಸಿದ್ಧಪಡಿಸಿದರು. 1992ರಲ್ಲಿ ಬಿಬಿಸಿ ಅದನ್ನು ಮತ್ತೆ ಬಣ್ಣದಲ್ಲಿ ಪ್ರಸಾರ ಮಾಡಿತು. ಆ ಕೆಲಸಕ್ಕೆ ಕೈಹಾಕಿದ ಗುಂಪಿನವರು ಟಿವಿ ಉದ್ಯಮದಲ್ಲಿ ದುಡಿಯುತ್ತಿದ್ದ ಅಭಿಮಾನಿಗಳೇ.

ಅಮೆರಿಕದ ಕ್ಯಾಸೆಟ್ಟು ಸಿಗದ ಕಂತುಗಳ ಗತಿ? ಅವುಗಳ ಬಣ್ಣ ಕಪ್ಪು–ಬಿಳುಪು ಫಿಲ್ಮಿನ ಒಳಗೇ ಅಡಗಿತ್ತು ಎಂದರೆ ಮೊದಲು ಕೇಳಿದವರು ನಕ್ಕಿರಬೇಕು. ಟೇಪಿನಿಂದ ಫಿಲ್ಮಿಗೆ ಇಳಿಸುವುದೆಂದರೆ ಕಪ್ಪು–ಬಿಳುಪು ಪರದೆಯೊಂದರ ಮುಂದೆ ಫಿಲ್ಮ್ ಕ್ಯಾಮೆರಾ ನಿಲ್ಲಿಸಿ ಚಿತ್ರೀಕರಿಸುವುದು. ಬಣ್ಣದ ಸಂಕೇತವನ್ನು ಸೋಸಿ ತೆಗೆಯದೆ ಆ ಪರದೆಗೆ ಹರಿಸಿದರೆ, ಬಣ್ಣವಿರುವ ಕಡೆಯೆಲ್ಲ ಅತಿ ಸಣ್ಣ ಚುಕ್ಕಿಗಳ ಜಾಲ ಮೂಡುತ್ತದೆ. ಸೋಸುವ ಉಪಕರಣ ಇತ್ತು, ಆದರೆ ಎಲ್ಲ ಸಲ ಅದನ್ನು ಬಳಸಿರಲಿಲ್ಲ. ಅಂದಿನವರ ಆ ಉದಾಸೀನವೇ ಮೂವತ್ತೈದು ವರ್ಷಗಳ ಮೇಲೆ ನಿಧಿಯಾಯಿತು. ಫಿಲ್ಮನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ ಒಂದು ಕೋಟಿನ ತೋಳನ್ನು ಹಿಗ್ಗಿಸಿ ನೋಡಿದರೆ ಬೂದು ಬಣ್ಣದ ಮೇಲೆ ಆ ಜಾಲ ಕಾಣುತ್ತದೆ. ಪಕ್ಕದ ಬಿಳಿ ಗೋಡೆಯ ಮೇಲೆ ಇರುವುದಿಲ್ಲ. ಚುಕ್ಕಿಗಳು ಎಷ್ಟು ಗಾಢವೋ ಬಣ್ಣ ಅಷ್ಟು ಗಾಢ. ಅವು ಎಷ್ಟು ಅತ್ತಿತ್ತ ಸರಿದಿವೆ ಎಂಬುದರ ಮೇಲೆ ಅದು ಕೆಂಪೋ ಹಸಿರೋ ಎಂಬುದು ತೀರ್ಮಾನ.

ತತ್ತ್ವ ಸರಳ, ಕೆಲಸ ಕಠಿಣ. ಬ್ರಿಟನ್ನಿನಲ್ಲಿ ಬಳಸಿದ ‘ಪಾಲ್’ ಎಂಬ ಬಣ್ಣದ ಟಿವಿ ಪದ್ಧತಿಯಲ್ಲಿ ಬಣ್ಣದ ಸಂಕೇತ ಸೆಕೆಂಡಿಗೆ ಸುಮಾರು 44 ಲಕ್ಷ ಬಾರಿ ಕಂಪಿಸುತ್ತದೆ. ಆ ಕಂಪನದಲ್ಲಿ ಒಂದು ಚೂರು ಸರಿದರೂ ಮುಖ ಹಸಿರಾಗುತ್ತದೆ. ಫಿಲ್ಮಿನಲ್ಲಿ ಉಳಿದದ್ದಾದರೋ ಗಾಜಿನ ಪರದೆಯ ಬಾಗು, ಅಂಚಿನ ಸೊಟ್ಟ, ಫಿಲ್ಮಿನ ಕುಗ್ಗುವಿಕೆ ಎಲ್ಲವನ್ನೂ ಹೊತ್ತ ಚಿತ್ರ. ಮೊದಲು ಪ್ರತಿ ಸಾಲನ್ನೂ ಅದು ಪರದೆಯ ಮೇಲೆ ಇದ್ದ ಜಾಗಕ್ಕೆ ಎಳೆದು ತರಬೇಕು. ಆಮೇಲೆ ಬಣ್ಣ ಓದಬೇಕು. ಬಿಬಿಸಿಯ ಜೇಮ್ಸ್ ಇನ್ಸೆಲ್ ಈ ಸಾಧ್ಯತೆಯ ಬೆನ್ನು ಹತ್ತಿ ಆಸಕ್ತರ ಗುಂಪನ್ನು ಕಟ್ಟಿದರು. ಬಿಬಿಸಿಯ ಮಾಜಿ ಎಂಜಿನಿಯರ್ ರಿಚರ್ಡ್ ರಸೆಲ್ ತಂತ್ರಾಂಶ ಬರೆದರು. ಬಿಬಿಸಿಯ ಹಾಸ್ಯ ಧಾರಾವಾಹಿ ‘ಡ್ಯಾಡ್ಸ್ ಆರ್ಮಿ’ಯ 1969ರ ಒಂದು ಕಂತು 2008ರ ಡಿಸೆಂಬರಿನಲ್ಲಿ ಹೀಗೆ ಬಣ್ಣಕ್ಕೆ ಮರಳಿ ಪ್ರಸಾರವಾಯಿತು. ಇದನ್ನು ಬಣ್ಣ ತುಂಬುವುದು ಎನ್ನಲಾಗದು. ಇಲ್ಲಿ ಯಾರೂ ಏನನ್ನೂ ಊಹಿಸಲಿಲ್ಲ, ಇದ್ದದ್ದನ್ನು ಓದಿದರು.

ಓದುವಿಕೆ ಎಲ್ಲಿ ನಿಂತು ಊಹೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ತೋರಿಸುವುದು ‘ಡಾಕ್ಟರ್ ಹೂ’ ಧಾರಾವಾಹಿಯ ‘ದಿ ಮೈಂಡ್ ಆಫ್ ಈವಿಲ್’ ಕಥೆ. 1971ರಲ್ಲಿ ಪ್ರಸಾರವಾದ ಈ ಕಥೆಯ ಆರು ಕಂತುಗಳಲ್ಲಿ ಐದಕ್ಕೆ ಚುಕ್ಕಿಗಳಿಂದ ಬಣ್ಣ ಸಿಕ್ಕಿತು. ಮೊದಲ ಕಂತಿನ ಫಿಲ್ಮಿನಲ್ಲಿ ಚುಕ್ಕಿಗಳೇ ಇರಲಿಲ್ಲ. ಆಗ ಕರೆ ಹೋದದ್ದು ಸ್ಟುವರ್ಟ್ ಹಂಫ್ರೀಸ್ ಎಂಬ ಅಭಿಮಾನಿಗೆ. ಹವ್ಯಾಸಕ್ಕೆಂದು ಹಳೆಯ ಕಂತುಗಳ ತುಣುಕುಗಳಿಗೆ ಬಣ್ಣ ತುಂಬಿ ಹೆಸರಾದವರು. 25 ನಿಮಿಷದ ಒಂದು ಕಂತಿನಲ್ಲಿ, ಸೆಕೆಂಡಿಗೆ 25ರಂತೆ, 37,500 ಫ್ರೇಮುಗಳು. ಅವರು ಆಯ್ದ ಫ್ರೇಮುಗಳಿಗೆ ಕೈಯಾರೆ ಬಣ್ಣ ಹಾಕಿದರು. ನಡುವಿನವನ್ನು ತಂತ್ರಾಂಶದ ನೆರವಿನಿಂದ ತುಂಬಲಾಯಿತು. 2013ರ ಡಿವಿಡಿಯಲ್ಲಿ ಆರೂ ಕಂತುಗಳು ಒಟ್ಟಿಗೆ ಬಂದವು.

ಕೈಯಾರೆ ಎಂದರೆ ಏನೆಂದು ಹತ್ತಿರದಿಂದ ನೋಡಬೇಕು. ಮಧ್ಯವಯಸ್ಸಿನ ನಟನೊಬ್ಬ ಕಿಟಕಿಯ ಬಳಿ ನಿಂತು ಕ್ಯಾಮೆರಾದತ್ತ ತಿರುಗುತ್ತಾನೆ ಎನ್ನಿ. ಮುಖಕ್ಕೆಲ್ಲ ಒಂದೇ ಮೈಬಣ್ಣ ಹಚ್ಚಿದರೆ ಗಾರೆಯ ಗೊಂಬೆ ಎದ್ದು ನಿಲ್ಲುತ್ತದೆ. ಕಿವಿ, ಮೂಗಿನ ತುದಿ, ಬೆರಳಿನ ಗೆಣ್ಣುಗಳಲ್ಲಿ ಕೆಂಪು ಹೆಚ್ಚು. ಹಣೆಯಲ್ಲಿ ತುಸು ಹಳದಿ. ಕ್ಷೌರ ಮಾಡಿದ ಗಲ್ಲದಲ್ಲಿ ನೀಲಿಯ ಛಾಯೆ. ಕಣ್ಣಿನ ಬಿಳಿ ಬಿಳಿಯಲ್ಲ. ಅಂಗಿಯ ಬಣ್ಣ ಕತ್ತಿನ ಮೇಲೆ ಸ್ವಲ್ಪ ಚೆಲ್ಲಿರುತ್ತದೆ. ಇಷ್ಟನ್ನು ಒಂದು ಫ್ರೇಮಿನಲ್ಲಿ ಸಾಧಿಸಿದ ಮೇಲೆ ನಟ ಕೈಯೆತ್ತಿ ಕೆನ್ನೆ ತುರಿಸಿಕೊಳ್ಳುತ್ತಾನೆ. ಕೈಯ ಅಂಚನ್ನು ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಕತ್ತರಿಸಬೇಕು. ಅರವತ್ತರ ದಶಕದ ಸ್ಟುಡಿಯೋ ನಾಟಕಗಳಲ್ಲಿ ಶಾಟುಗಳೂ ಉದ್ದ; ನಾಲ್ಕೈದು ಜನ ಒಬ್ಬರ ಮುಂದೊಬ್ಬರು ಹಾಯುತ್ತಲೇ ಇರುತ್ತಾರೆ. ಮೇಲೆ ಹೊಗೆ ಬಿಟ್ಟರಂತೂ ಬಣ್ಣ ತುಂಬುವವರ ಪಾಡು ದೇವರಿಗೇ ಪ್ರೀತಿ. ಹೊಸಬರು ಮಾಡುವ ತಪ್ಪು ಬೇರೆ ಒಂದಿದೆ: ಬೂದನ್ನು ಬೂದಾಗಿ ಬಿಡಲು ಅವರಿಗೆ ಮನಸ್ಸು ಬರುವುದಿಲ್ಲ. ಗೋಡೆ, ಬಾಗಿಲು, ಪರದೆ, ಹೂದಾನಿ ಎಲ್ಲವೂ ಬಗೆಬಗೆಯ ಬಣ್ಣದಲ್ಲಿ ಕುಣಿಯುತ್ತವೆ. ನಿಜವಾದ ಕೋಣೆಗಳಲ್ಲಿ ಅರ್ಧಕ್ಕರ್ಧ ಬೂದೇ ಇರುತ್ತದೆ.

ಯಾವ ಬಣ್ಣ ಎಂಬುದಕ್ಕೆ ಅವರು ನಡೆಸುವ ಹುಡುಕಾಟ ಪತ್ತೇದಾರಿಕೆಯೇ ಸರಿ. ಸೆಟ್ಟಿನಲ್ಲಿ ತೆಗೆದ ಬಣ್ಣದ ಫೋಟೊಗಳು, ಉಳಿದಿರುವ ಉಡುಪುಗಳು, ಪತ್ರಿಕೆಯ ಮುಖಪುಟಗಳು, ಹೊರಾಂಗಣ ಚಿತ್ರೀಕರಣ ನೋಡಲು ಬಂದವರು ತೆಗೆದ ಚಿತ್ರಗಳು. ಸಾಕ್ಷಿಗಳು ದಾರಿ ತಪ್ಪಿಸುವುದೂ ಉಂಟು. 1965 ಮತ್ತು 1966ರಲ್ಲಿ, ‘ಡಾಕ್ಟರ್ ಹೂ’ ನಾಯಕನ ಶತ್ರುಗಳಾದ ಡೇಲೆಕ್ ಎಂಬ ಯಂತ್ರಜೀವಿಗಳ ಮೇಲೆ ಎರಡು ಬಣ್ಣದ ಸಿನಿಮಾಗಳು ಬಂದವು. ಅವುಗಳಲ್ಲಿ ಕೆಂಪು, ಕಪ್ಪು ಡೇಲೆಕ್‌ಗಳು ಮೆರೆಯುತ್ತವೆ. ಟಿವಿಯಲ್ಲಿ ಮೊದಲು ಕಂಡ ಡೇಲೆಕ್ ಮಾತ್ರ ಬೆಳ್ಳಿ ಬಣ್ಣದ್ದು, ಮೈಮೇಲೆ ನೀಲಿ ಅರೆಗೋಳಗಳದ್ದು. ಸಿನಿಮಾ ನೋಡಿ ಬಣ್ಣ ತುಂಬಿದವರು ಗುರುತು ತಿಳಿದವರ ಮುಂದೆ ಸಿಕ್ಕಿಬೀಳುತ್ತಾರೆ.

2016ರ ಸುಮಾರಿಗೆ ಯಂತ್ರಕಲಿಕೆ ಈ ಅಂಗಳಕ್ಕೆ ಬಂತು. ಬರ್ಕ್ಲಿಯ ಸಂಶೋಧಕರು ಆ ವರ್ಷ ಪ್ರಕಟಿಸಿದ ವಿಧಾನ, 2018ರ ‘ಡಿಓಲ್ಡಿಫೈ’ ಎಂಬ ಮುಕ್ತ ತಂತ್ರಾಂಶ ಇವುಗಳಿಂದ ಯಾರು ಬೇಕಾದರೂ ಗುಂಡಿ ಒತ್ತಿ ಬಣ್ಣ ಹಾಕುವಂತಾಯಿತು. ಅಸಂಖ್ಯ ಬಣ್ಣದ ಚಿತ್ರಗಳನ್ನು ನೋಡಿ ಕಲಿತ ಯಂತ್ರಕ್ಕೆ ಆಕಾಶ ನೀಲಿ, ಹುಲ್ಲು ಹಸಿರು ಎಂದು ಗೊತ್ತು. ಅಂಗಿಯ ಬಣ್ಣ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಅದು ಎಲ್ಲ ಸಾಧ್ಯತೆಗಳ ಸರಾಸರಿಗೆ ಜಾರಿ ಮಂಕು ಕಂದು ಬಳಿಯುತ್ತದೆ. ಅದೇ ಅಂಗಿ ಮುಂದಿನ ಶಾಟಿನಲ್ಲಿ ನೀಲಿಗೆ ತಿರುಗಿದರೂ ಅದಕ್ಕೆ ಅಳುಕಿಲ್ಲ. ಬೂದಿನ ಒಂದು ಮಟ್ಟ ತಿಳಿ ಹಸಿರಿನದೋ, ಬಿಳಿಯದೋ ಎಂಬುದು ಚಿತ್ರದೊಳಗೆ ಬರೆದಿಲ್ಲ. ಅದು ಚಿತ್ರದ ಹೊರಗೆ, ಫೋಟೊ ಮತ್ತು ದಾಖಲೆಗಳಲ್ಲಿ ಇದೆ. ನುರಿತ ಅಭಿಮಾನಿಗಳು ಯಂತ್ರವನ್ನು ದೂರವಿಟ್ಟಿಲ್ಲ. ಬಣ್ಣ ತಾವೇ ನಿರ್ಧರಿಸಿ, ಅದನ್ನು ಫ್ರೇಮಿನಿಂದ ಫ್ರೇಮಿಗೆ ದಾಟಿಸುವ ಕೂಲಿಯನ್ನು ಅದಕ್ಕೆ ಬಿಡುತ್ತಾರೆ.

ಕಾನೂನು ಈ ವ್ಯತ್ಯಾಸವನ್ನು ಅಚ್ಚರಿಯೆನಿಸುವಷ್ಟು ಮೊದಲೇ ಗುರುತಿಸಿತ್ತು. ಬಣ್ಣ ತುಂಬಿದ ಸಿನಿಮಾ ಹೊಸ ಕೃತಿಯಾಗಿ ನೋಂದಣಿಯಾಗಬಹುದೇ ಎಂಬ ಪ್ರಶ್ನೆಗೆ 1987ರಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಆಗಬಹುದು ಎಂದಿತು. ಅದಕ್ಕೆ ಹಾಕಿದ ಷರತ್ತುಗಳಲ್ಲಿ ಒಂದು, ಬಣ್ಣಗಳನ್ನು ಆಯ್ದವರು ಮನುಷ್ಯರಾಗಿರಬೇಕು ಎಂಬುದು. ಅಭಿಮಾನಿಗಳಿಗೆ ಮಾತ್ರ ಇದರಿಂದ ಏನೂ ದಕ್ಕುವುದಿಲ್ಲ. ಮೂಲದ ಹಕ್ಕು ಇರುವವರ ಒಪ್ಪಿಗೆಯಿಲ್ಲದೆ ತುಂಬಿದ ಬಣ್ಣಕ್ಕೆ ಅಲ್ಲಿ ರಕ್ಷಣೆಯಿಲ್ಲ. ವರ್ಷಗಟ್ಟಲೆ ದುಡಿದು ಮುಗಿಸಿದ ಕಂತನ್ನು ಒಂದು ನೋಟಿಸು ತೆಗೆದುಹಾಕಿಸಬಹುದು. ಹಲವರು ಒಂದೆರಡು ನಿಮಿಷದ ತುಣುಕುಗಳಿಗೇ ನಿಲ್ಲುವುದು ಈ ಕಾರಣಕ್ಕೆ.

ಕೊನೆಗೆ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಅಮೆರಿಕದ ಸಿಬಿಎಸ್ ವಾಹಿನಿ 2013ರಿಂದ ‘ಐ ಲವ್ ಲೂಸಿ’ ಎಂಬ ಹಳೆಯ ಹಾಸ್ಯ ಸರಣಿಯ ಕಂತುಗಳನ್ನು ಹಬ್ಬದ ಹೊತ್ತಿಗೆ ಬಣ್ಣದಲ್ಲಿ ತೋರಿಸತೊಡಗಿತು. ಬಿಬಿಸಿ 2023ರ ನವೆಂಬರ್ 23ರಂದು, ‘ಡಾಕ್ಟರ್ ಹೂ’ ಧಾರಾವಾಹಿಗೆ ಅರವತ್ತು ತುಂಬಿದ ದಿನ, ಮೊದಲ ಡೇಲೆಕ್ ಕಥೆಯನ್ನು ಬಣ್ಣದಲ್ಲಿ ಪ್ರಸಾರ ಮಾಡಿತು. 2024ರ ಡಿಸೆಂಬರಿನಲ್ಲಿ ಅದೇ ಧಾರಾವಾಹಿಯ 1969ರ ಕಥೆ ‘ದಿ ವಾರ್ ಗೇಮ್ಸ್’ ಬಂತು. ಬಣ್ಣದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಕತ್ತರಿಯ ಬಗ್ಗೆ. ಹತ್ತು ಕಂತುಗಳ ‘ವಾರ್ ಗೇಮ್ಸ್’ 90 ನಿಮಿಷಕ್ಕೆ ಇಳಿಯಿತು. 1969ರಲ್ಲಿ ನಾಯಕ ಕತ್ತಲಿನಲ್ಲಿ ಮಾಯವಾಗುವುದಷ್ಟೇ ಕಂಡಿತ್ತು, ಹೊಸ ಮುಖ ಕಂಡಿರಲಿಲ್ಲ. ಹೊಸ ಆವೃತ್ತಿ ಅವನು ಪರ್ಟ್ವೀಯಾಗಿ ಬದಲಾಗುವುದನ್ನು ಸೇರಿಸಿತು. ನಟನ ಅಂಗಿಯ ಬಣ್ಣ ತಪ್ಪಬಾರದೆಂದು ಹಳೆಯ ಫೋಟೊ ಹುಡುಕುವ ನಿಷ್ಠೆ, ಕಥೆಯ ಕೊನೆಯನ್ನು ತಿದ್ದುವ ಹೊತ್ತಿಗೆ ಎಲ್ಲಿ ಹೋಯಿತೋ. ಮೊದಲ ಡೇಲೆಕ್ ಕಥೆಯದ್ದೂ ಅದೇ ಪಾಡು: ಏಳು ಕಂತುಗಳ ಸುಮಾರು 175 ನಿಮಿಷ 75 ಆಯಿತು. ಉಳಿದ ನೂರು ನಿಮಿಷಕ್ಕೆ ಅಧಿಕೃತ ಬಣ್ಣದ ಆವೃತ್ತಿಯಲ್ಲಿ ಜಾಗ ಸಿಗಲಿಲ್ಲ. ಅದಕ್ಕೆ ಬಣ್ಣ ಬೇಕೆನ್ನುವವರು ಮತ್ತೆ ಮನೆಯ ಕಂಪ್ಯೂಟರನ್ನೇ ತೆರೆಯಬೇಕು.