ನಾರ್ವಿಚ್‌ನ ಜೂಲಿಯನ್: ಎರಡು ಪಠ್ಯಗಳು ಮತ್ತು ಐವತ್ತೊಂದನೇ ಅಧ್ಯಾಯ

ಹದಿನಾಲ್ಕನೇ ಶತಮಾನದ ಇಂಗ್ಲೆಂಡಿನ ಕ್ರೈಸ್ತ ಸಾಧಕಿ ಜೂಲಿಯನ್, ಕಾಯಿಲೆಯಲ್ಲಿ ತಾನು ಕಂಡ ದರ್ಶನಗಳನ್ನು ಗ್ರಂಥವಾಗಿ ಬರೆದಿಟ್ಟಳು. ಆಕೆಯ ವಿಷಯದಲ್ಲಿ ಓದುಗರು ಎಡವುವ ಜಾಗ ಎರಡೇ: ಇಸವಿಗಳು ಮತ್ತು ಐವತ್ತೊಂದನೇ ಅಧ್ಯಾಯ. ಮೊದಲನೆಯದು ಬಗೆಹರಿಯದೆ ಎರಡನೆಯದು ಬಿಡಿಸಿಕೊಳ್ಳುವುದಿಲ್ಲ.

ಬದುಕು, ಚುಟುಕಾಗಿ

1373ರ ಮೇ ತಿಂಗಳಲ್ಲಿ ತನಗೆ ಮೂವತ್ತೂವರೆ ವರ್ಷ ಎಂದು ಆಕೆಯೇ ಬರೆದಿದ್ದಾಳೆ. ಅಂದರೆ 1342ರ ಕೊನೆಗೆ ಹುಟ್ಟಿರಬೇಕು. ಊರು ಇಂಗ್ಲೆಂಡಿನ ಪೂರ್ವಭಾಗದ ನಾರ್ವಿಚ್. ಬದುಕಿನ ಕೊನೆಯ ಹಲವು ವರ್ಷ ಅಲ್ಲಿನ ಸಂತ ಜೂಲಿಯನ್ ಚರ್ಚಿಗೆ ಅಂಟಿಕೊಂಡ ಕೋಣೆಯಲ್ಲಿ, ಏಕಾಂತವಾಸಿನಿಯಾಗಿ ಕಳೆಯಿತು. ಏಕಾಂತವಾಸ ಎಂದರೆ ಊರು ಬಿಟ್ಟು ಕಾಡು ಸೇರುವುದಲ್ಲ. ಒಳಹೊಕ್ಕ ಮೇಲೆ ಸಾಯುವವರೆಗೆ ಹೊರಬರುವಂತಿಲ್ಲ, ಆದರೆ ಕೋಣೆ ಇರುವುದು ಪೇಟೆಯ ನಡುವೆ. ಇಂಥ ಕೋಣೆಗಳಿಗೆ ಚರ್ಚಿನ ಕಡೆ ಒಂದು ಕಿಟಕಿ, ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ನೋಡಲು. ಹೊರಗಿನ ಕಡೆ ಇನ್ನೊಂದು, ಸಲಹೆ ಕೇಳಿ ಬಂದವರೊಡನೆ ಮಾತಾಡಲು. ಊಟ, ನೀರು ನೋಡಿಕೊಳ್ಳಲು ಸೇವಕಿ. ಊರಿನವರು ಉಯಿಲಿನಲ್ಲಿ ಆಕೆಗೆ ಹಣ ಬರೆದಿಟ್ಟ ದಾಖಲೆಗಳಿವೆ: 1394ರಲ್ಲಿ ಎರಡು ಶಿಲಿಂಗ್, 1416ರಲ್ಲಿ ಸಫೋಕ್‌ನ ಕೌಂಟೆಸ್‌ಳಿಂದ ಇಪ್ಪತ್ತು ಶಿಲಿಂಗ್. ಕೊನೆಯ ಗಟ್ಟಿ ಗುರುತು ಇದೇ 1416.

ದರ್ಶನಗಳು ಕಂಡದ್ದು 1373ರ ಆ ಮೇ ತಿಂಗಳ ಕಾಯಿಲೆಯಲ್ಲಿ. ಅದರ ಕ್ರಮ ನೆನಪಿಡಬೇಕಾದ್ದು. ಮೂರು ಹಗಲು ಮೂರು ರಾತ್ರಿ ಮಲಗಿದಳು. ನಾಲ್ಕನೇ ರಾತ್ರಿ, ಸಾಯುತ್ತಿರುವವರಿಗೆ ಚರ್ಚು ಕೊಡುವ ಕೊನೆಯ ಸಂಸ್ಕಾರ ಪಡೆದಳು. ಮತ್ತೆ ಎರಡು ದಿನ ಎಳೆಯಿತು. ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ. ಪಾದ್ರಿ ಬಂದು ಶಿಲುಬೆಯನ್ನು ಕಣ್ಣೆದುರು ಹಿಡಿದಾಗ, ಮುಳ್ಳಿನ ಕಿರೀಟದ ಕೆಳಗಿನಿಂದ ಬಿಸಿ ರಕ್ತ ಇಳಿಯುವುದು ಕಂಡಿತು. ಒಟ್ಟು ದರ್ಶನ ಹದಿನಾರು, ಆದರೆ ಎಲ್ಲವೂ ಒಂದೇ ಬಾರಿಗೆ ಆದದ್ದಲ್ಲ. ಮುಂಜಾನೆ ನಾಲ್ಕರ ಸುಮಾರಿಗೆ ಶುರುವಾಗಿ ಹದಿನೈದು ಮುಗಿದವು. ನಡುವೆ ನೋವು ಮರಳಿ, 'ನಾನು ಬಡಬಡಿಸಿದೆ' ಎಂದು ಒಬ್ಬ ಧಾರ್ಮಿಕನೆದುರು ಹೇಳಿಯೂ ಬಿಟ್ಟಳು. ಹದಿನಾರನೆಯದು ಆಮೇಲಿನ ರಾತ್ರಿ.

1413 ಎಂಬ ಬಲೆ

ಆಕೆಯ ಗ್ರಂಥಕ್ಕೆ ಎರಡು ರೂಪ. ಕಿರುಪಠ್ಯಕ್ಕೆ ಇಪ್ಪತ್ತೈದು ಅಧ್ಯಾಯ, ದೀರ್ಘಪಠ್ಯಕ್ಕೆ ಎಂಬತ್ತಾರು. ದೀರ್ಘಪಠ್ಯದ ಗಾತ್ರ ಹೆಚ್ಚುಕಡಿಮೆ ಆರು ಪಟ್ಟು. ಕಿರುಪಠ್ಯದ ತಲೆಬರಹದಲ್ಲಿ 'ಈಕೆ ನಾರ್ವಿಚ್‌ನಲ್ಲಿ ಏಕಾಂತವಾಸಿನಿ, ಇನ್ನೂ ಬದುಕಿದ್ದಾಳೆ, 1413' ಎಂಬರ್ಥದ ಸಾಲಿದೆ. ಇದನ್ನು ಓದಿದೊಡನೆ ಕಿರುಪಠ್ಯವೇ ಆಮೇಲಿನದು, ದೊಡ್ಡದರ ಸಾರಾಂಶ ಎಂಬ ಲೆಕ್ಕಕ್ಕೆ ಬರುವುದು ಸಹಜ. ಆ ಲೆಕ್ಕ ತಪ್ಪು. 1413 ನಕಲುಗಾರ ಹಾಕಿದ ಇಸವಿ. ಆಕೆ ಬರೆದ ಕಾಲ ಅಲ್ಲ.

ಇದನ್ನು ತೀರ್ಮಾನಿಸಲು ದೀರ್ಘಪಠ್ಯದ ಒಳಗೇ ಎರಡು ಗೂಟಗಳಿವೆ. ದರ್ಶನದ ಅರ್ಥವೇನು ಎಂಬ ಪ್ರಶ್ನೆಗೆ 'ಪ್ರೀತಿಯೇ ಅದರ ಅರ್ಥ' ಎಂಬ ಉತ್ತರ ಸಿಕ್ಕಿದ್ದು ಹದಿನೈದು ವರ್ಷಕ್ಕೂ ಮೇಲೆ ಎನ್ನುತ್ತದೆ ಕೊನೆಯ ಅಧ್ಯಾಯ: 1373ಕ್ಕೆ ಹದಿನೈದು ಕೂಡಿಸಿದರೆ 1388. ಒಡೆಯ ಮತ್ತು ಸೇವಕನ ದೃಷ್ಟಾಂತ ತಿಳಿಯಾದದ್ದು ಇಪ್ಪತ್ತು ವರ್ಷಕ್ಕೆ ಮೂರು ತಿಂಗಳು ಕಮ್ಮಿ ಎನ್ನುತ್ತದೆ ಐವತ್ತೊಂದನೇ ಅಧ್ಯಾಯ: 1393ರ ಮೇನಿಂದ ಮೂರು ತಿಂಗಳು ಹಿಂದಕ್ಕೆ, ಅಂದರೆ ಫೆಬ್ರವರಿ. ಇವೆರಡೂ ಕಿರುಪಠ್ಯದಲ್ಲಿಲ್ಲ. ಯೇಸುವನ್ನು ತಾಯಿ ಎಂದು ಕರೆಯುವ ಪ್ರಸಿದ್ಧ ಅಧ್ಯಾಯಗಳೂ ಇಲ್ಲ.

ತಿರುಗಿಸಿ ನೋಡಿದರೂ ಸಾಕ್ಷಿ ಸಿಗುತ್ತದೆ. ಮಗಳು ಸತ್ತೇಹೋದಳೆಂದು ಜೂಲಿಯನ್‌ಳ ತಾಯಿ ಆಕೆಯ ಕಣ್ಣು ಮುಚ್ಚಲು ಕೈ ಎತ್ತಿದ ಪ್ರಸಂಗ ಕಿರುಪಠ್ಯದಲ್ಲಿದೆ, ದೀರ್ಘಪಠ್ಯದಲ್ಲಿ ಬಿಟ್ಟುಹೋಗಿದೆ. 'ನಾನು ಹೆಂಗಸು, ಓದದವಳು, ದುರ್ಬಲಳು. ಹಾಗೆಂದ ಮಾತ್ರಕ್ಕೆ ದೇವರ ಒಳ್ಳೆಯತನವನ್ನು ಹೇಳಬಾರದೆ?' ಎಂಬ ಧಾಟಿಯ ಮಾತೂ ಹಾಗೆಯೇ. ಮೊದಲು ಬರೆದಾಗ ಸಮರ್ಥನೆ ಬೇಕಿತ್ತು, ಆಮೇಲೆ ಬೇಕಾಗಲಿಲ್ಲ ಎಂದೇ ನಾನು ಓದುತ್ತೇನೆ. ಇದಕ್ಕಾಗಿಯಾದರೂ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಐವತ್ತೊಂದನೇ ಅಧ್ಯಾಯ

'ಎಲ್ಲವೂ ಒಳ್ಳೆಯದಾಗುವುದು' ಎಂಬ ಮಾತನ್ನು ಮಾತ್ರ ಕಿತ್ತುಕೊಂಡು ಹಂಚುವವರು ಬಹಳ. ಅದು ಇಪ್ಪತ್ತೇಳನೇ ಅಧ್ಯಾಯದಲ್ಲಿ, ಹದಿಮೂರನೇ ದರ್ಶನದಲ್ಲಿ, ಒಂದು ಪ್ರಶ್ನೆಗೆ ಬಂದ ಉತ್ತರ: ದೇವರು ಪಾಪ ಹುಟ್ಟದಂತೆಯೇ ತಡೆಯಬಹುದಿತ್ತಲ್ಲ? ಉತ್ತರದಿಂದ ಆಕೆಗೆ ಸಮಾಧಾನ ಆಗುವುದಿಲ್ಲ. ಪಾಪಿಯ ಮೇಲೆ ದೋಷವಿದೆ ಎನ್ನುತ್ತದೆ ಧರ್ಮಸಭೆ. ತಾನು ಕಂಡ ದೇವರಲ್ಲಿ ಸಿಟ್ಟೇ ಇಲ್ಲ, ದೂಷಣೆಯೂ ಇಲ್ಲ. ಎರಡನ್ನೂ ಬಿಡಲು ಆಕೆ ಒಪ್ಪುವುದಿಲ್ಲ. ನಲವತ್ತೈದರಿಂದ ಐವತ್ತರವರೆಗೆ ಇದೇ ಗುದ್ದಾಟ. ಈ ಆರು ಅಧ್ಯಾಯ ಹಾರಿಸಿ ಐವತ್ತೊಂದಕ್ಕೆ ಹೋದರೆ ದೃಷ್ಟಾಂತ ಬರೀ ಕತೆಯಾಗಿ ಉಳಿಯುತ್ತದೆ.

ಕತೆ ಇಷ್ಟೇ. ಒಡೆಯ ಕೂತಿದ್ದಾನೆ, ಸೇವಕ ಮುಂದೆ ನಿಂತಿದ್ದಾನೆ. ಒಡೆಯ ಪ್ರೀತಿಯಿಂದ ಒಂದು ಕೆಲಸಕ್ಕೆ ಕಳಿಸುತ್ತಾನೆ. ಸೇವಕ ನಡೆಯುವುದಿಲ್ಲ, ಓಡುತ್ತಾನೆ, ಓಡಿ ಹಳ್ಳಕ್ಕೆ ಬೀಳುತ್ತಾನೆ. ಅವನಿಗೆ ಏಳು ನೋವು: ಬಿದ್ದ ಪೆಟ್ಟು, ಮೈಭಾರ, ನಿಶ್ಶಕ್ತಿ, ಬುದ್ಧಿ ಮಂಕಾಗಿ ತನ್ನ ಪ್ರೀತಿಯನ್ನೇ ಮರೆಯುವುದು, ಏಳಲಾಗದಿರುವುದು, ಒಂಟಿತನ, ಗಡುಸಾದ ಜಾಗ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಪಕ್ಕದಲ್ಲೇ ಇರುವ ಒಡೆಯನ ಕಡೆ ಮುಖ ತಿರುಗಿಸಲಾಗದಿರುವುದು. ಇವನಲ್ಲಿ ತಪ್ಪೇನಾದರೂ ಇದೆಯೇ ಎಂದು ಜೂಲಿಯನ್ ಹುಡುಕುತ್ತಾಳೆ, ಸಿಗುವುದಿಲ್ಲ. ಬಿದ್ದದ್ದು ಒಳ್ಳೆಯ ಮನಸ್ಸಿನ ಆತುರದಿಂದ.

ತೊಡಕು ಇಲ್ಲಿಂದ. ಒಡೆಯ ಎಂದರೆ ದೇವರು. ಸೇವಕ ಮೊದಲ ಮನುಷ್ಯ ಆದಾಮ, ಅಂದರೆ ಮನುಷ್ಯಕುಲ. ಅಷ್ಟಕ್ಕೇ ನಿಲ್ಲಿಸಿದರೆ ವಿವರಗಳು ಹೊಂದುವುದಿಲ್ಲ: ಅಧ್ಯಾಯ ಮುಂದೆ ಹೇಳುವಂತೆ ತೋಟ ಅಗೆದು, ಬೆವರಿ, ಒಡೆಯನಿಗೆ ಊಟ ತರುವವನು ಬಿದ್ದ ಆದಾಮ ಹೇಗಾದಾನು? ಅದೇ ಸೇವಕ ಸುತನೂ, ಅಂದರೆ ದೇವರ ಮಗ ಯೇಸುವೂ ಹೌದು. ಆದಾಮ ಬಿದ್ದದ್ದು ಜೀವದಿಂದ ಮರಣಕ್ಕೆ. ಸುತ ಬಿದ್ದದ್ದು ಆದಾಮನ ಜೊತೆಗೇ, ಕನ್ಯೆ ಮರಿಯಳ ಗರ್ಭಕ್ಕೆ. ವಾಕ್ಯದ ನಡುವೆಯೇ ಒಬ್ಬನಿಂದ ಇನ್ನೊಬ್ಬನಿಗೆ ದಾಟುವುದರಿಂದ ಓದುವವರಿಗೆ ದಿಕ್ಕು ತಪ್ಪುತ್ತದೆ. ಕೀಲಿಯನ್ನು ಆಕೆಯೇ ಕೊಟ್ಟಿದ್ದಾಳೆ. ಸೇವಕ ಒಡೆಯನ ಹತ್ತಿರ ನಿಂತಿರುವುದು ಸುತನ ಗುರುತು. ಎಡಗಡೆ ನಿಂತಿರುವುದು ಆದಾಮನ ಗುರುತು. ವಿವೇಕ, ಒಳ್ಳೆಯತನ ಸುತನವು; ಮೊಣಕಾಲ ಕೆಳಗೆ ಒಂದು ಗೇಣೂ ಬಾರದ, ಬೆವರಿನ ಕಲೆಯ ಹಳೆಯ ಬಿಳಿ ಅಂಗಿ ಮನುಷ್ಯತ್ವದ್ದು.

ಪೆನ್ಸಿಲ್ ಹಿಡಿದು ಅಧ್ಯಾಯವನ್ನು ಮೂರು ಸಲ ಓದಿ. ಮೊದಲ ಸಲ ಆದಾಮನಿಗೆ ಮಾತ್ರ ಹೊಂದುವುದರ ಪಕ್ಕ 'ಆ', ಎರಡನೇ ಸಲ ಸುತನಿಗೆ ಹೊಂದುವುದರ ಪಕ್ಕ 'ಸು'. ಮೂರನೇ ಸಲ ಎರಡೂ ಗುರುತು ಬಿದ್ದ ಸಾಲುಗಳನ್ನಷ್ಟೇ. ಅಲ್ಲಿದೆ ಉತ್ತರ: ತಂದೆ ಆದಾಮನನ್ನು ನೋಡುವಾಗಲೆಲ್ಲ ಸುತನನ್ನೂ ನೋಡುತ್ತಾನೆ, ಹಾಗಾಗಿ ಸುತನಿಗೆ ಹೊರಿಸದ ದೋಷವನ್ನು ನಮಗೂ ಹೊರಿಸುವುದಿಲ್ಲ. ಪಾಪದ ನೋವು ಮಾತ್ರ ಸುಳ್ಳಾಗುವುದಿಲ್ಲ. ಏಳೂ ನೋವು ಹಾಗೆಯೇ ಇವೆ.

ಪ್ರಭಾವ

ಜೀವಿತಕಾಲದಲ್ಲಿ ಹೆಸರು ಸಲಹೆಗಾರ್ತಿಯಾಗಿ: 1413ರ ಸುಮಾರಿಗೆ ಮಾರ್ಜರಿ ಕೆಂಪ್ ಎಂಬ ಇಂಗ್ಲಿಷ್ ಭಕ್ತೆ ಬಂದು, ತನ್ನ ಆಧ್ಯಾತ್ಮಿಕ ಅನುಭವಗಳು ನಿಜವೋ ಭ್ರಮೆಯೋ ಎಂದು ಕೇಳಿ ಹೋದಳು. ಪುಸ್ತಕ ಮಾತ್ರ ಬಹುಕಾಲ ಕೈಬರಹದಲ್ಲೇ ಉಳಿಯಿತು. ಧರ್ಮಸುಧಾರಣೆಯ (ಇಂಗ್ಲೆಂಡಿನ ಚರ್ಚು ರೋಮ್‌ನಿಂದ ಬೇರೆಯಾದದ್ದು) ನಂತರ ಫ್ರಾನ್ಸಿನ ಕಡೆ ನೆಲೆ ಕಂಡಿದ್ದ ಇಂಗ್ಲಿಷ್ ಬೆನೆಡಿಕ್ಟೈನ್ (ಸಂತ ಬೆನೆಡಿಕ್ಟನ ನಿಯಮ ಪಾಲಿಸುವ) ಕನ್ಯಾಸ್ತ್ರೀಯರ ಬಳಗ ಹದಿನೇಳನೇ ಶತಮಾನದಲ್ಲಿ ಅದನ್ನು ಉಳಿಸಿಕೊಂಡಿತು. 1670ರಲ್ಲಿ ಸೆರೆನಸ್ ಕ್ರೆಸ್ಸಿ ಎಂಬ ಬೆನೆಡಿಕ್ಟೈನ್ ಸನ್ಯಾಸಿ ಅಚ್ಚು ಹಾಕಿಸಿದ. ಜನಸಾಮಾನ್ಯರಿಗೆ ತಲುಪಿದ್ದು 1901ರ ಗ್ರೇಸ್ ವಾರಕ್ ಆವೃತ್ತಿಯಿಂದ. ಇಂಗ್ಲಿಷಿನಲ್ಲಿ ಹೆಣ್ಣೊಬ್ಬಳು ಬರೆದಳೆಂದು ಗೊತ್ತಿರುವ ಮೊದಲ ಗ್ರಂಥ ಎಂಬ ಹೆಗ್ಗಳಿಕೆ ಇದಕ್ಕಿದೆ. 1942ರ ಬಾಂಬ್ ದಾಳಿಯಲ್ಲಿ ಚರ್ಚ್ ನೆಲಸಮವಾಗಿ, 1953ರಲ್ಲಿ ಮತ್ತೆ ಎದ್ದಿತು.

ರೋಮ್ ಆಕೆಯನ್ನು ವಿಧಿವತ್ತಾಗಿ ಸಂತಳೆಂದು ಘೋಷಿಸಿಲ್ಲ, ಆದರೂ ಕಥೋಲಿಕ ಧರ್ಮೋಪದೇಶ ಗ್ರಂಥದ 313ನೇ ಪರಿಚ್ಛೇದ ಆಕೆಯ ಮಾತನ್ನು ಉಲ್ಲೇಖಿಸುತ್ತದೆ. ಸ್ಮರಣೆಯ ದಿನ ಆಂಗ್ಲಿಕನ್ನರಲ್ಲಿ (ಇಂಗ್ಲೆಂಡಿನ ಚರ್ಚಿನ ಪಂಥದವರಲ್ಲಿ) ಮೇ 8, ಕಥೋಲಿಕರಲ್ಲಿ ಮೇ 13. ದರ್ಶನವಾದ ದಿನವೆಂದು ಒಂದು ಹಸ್ತಪ್ರತಿಯಲ್ಲಿ ರೋಮನ್ ಅಂಕಿಯ ಎಂಟು, ಇನ್ನೊಂದರಲ್ಲಿ ಹದಿಮೂರು. ಮೊದಲ ಅಕ್ಷರ ವಿ ಆಗಿದ್ದರೆ ಎಂಟು, ಎಕ್ಸ್ ಆಗಿದ್ದರೆ ಹದಿಮೂರು.