ಒಂದೇ ರೈಲನ್ನು ನಂಬಿದ್ದ ಮನೆಗಳು

ಆಸ್ಟ್ರೇಲಿಯಾದ ನಲ್ಲಾರ್ಬರ್ ಬಯಲಲ್ಲಿ ಮರವೇ ಇಲ್ಲ. ಆ ಹೆಸರಿನ ಅರ್ಥವೂ ಅದೇ. ಆ ಬಯಲಲ್ಲಿ 478 ಕಿಲೋಮೀಟರ್ ದೂರ ಒಂದು ತಿರುವೂ ಇಲ್ಲದೆ ರೈಲು ಹಳಿ ಸಾಗುತ್ತದೆ. ಅದರ ಪಕ್ಕದಲ್ಲೇ ಹೆಂಡತಿ ಮಕ್ಕಳ ಜೊತೆ ಜನ ಸಂಸಾರ ಮಾಡಿದರು. ಒಂದೆರಡು ವರ್ಷವಲ್ಲ, ಸುಮಾರು ಎಂಬತ್ತು ವರ್ಷ.

ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಅಗಸ್ಟಾದಿಂದ ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿಯವರೆಗಿನ ಈ ಮಾರ್ಗದ ಕೆಲಸ 1912ರಲ್ಲಿ ಶುರುವಾಯಿತು. ಎರಡೂ ಕಡೆಯಿಂದ ಬಂದ ಹಳಿಗಳು 1917ರ ಅಕ್ಟೋಬರ್‌ನಲ್ಲಿ ಊಲ್ಡಿಯಾ ಹತ್ತಿರ ಕೂಡಿದವು. ಹಳಿ ಹಾಕಿದರೆ ಸಾಕೇ? ಹಳಿಯಡಿ ಅಡ್ಡ ಹಾಕುವ ಮರದ ಸ್ಲೀಪರ್ ಹಾಳಾಗುತ್ತದೆ, ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ದಿನವೂ ಯಾರಾದರೂ ನೋಡಿಕೊಳ್ಳಬೇಕು. ಅದಕ್ಕಾಗಿ ಮಾರ್ಗದುದ್ದಕ್ಕೂ ಅಲ್ಲಲ್ಲಿ ಒಂದೊಂದು ಗುಂಪನ್ನು ನೆಲೆಗೊಳಿಸಿದರು. ಅವರನ್ನು ಅಲ್ಲಿ ಫೆಟ್ಲರ್ ಅನ್ನುತ್ತಿದ್ದರು. ನಮ್ಮ ಗ್ಯಾಂಗ್‌ಮನ್ ಮಾಡುವ ಕೆಲಸವೇ.

ಗಂಡ ಹಳಿ ನೋಡಿದರೆ, ಮನೆ ನಡೆಯುವುದು ಹೇಗೆ? ಸುತ್ತ ಅಂಗಡಿಯಿಲ್ಲ, ಹೊಳೆಯಿಲ್ಲ. ಅದಕ್ಕೇ ಬಂತು ಟೀ ಆಂಡ್ ಶುಗರ್ ರೈಲು. ದಿನಸಿ ಬೋಗಿ, ಮಾಂಸದಂಗಡಿಯ ಬೋಗಿ, ಸಂಬಳ ಕೊಡುವ ಬೋಗಿ, ನೀರಿನ ಟ್ಯಾಂಕರ್, ಎಲ್ಲ ಅದರಲ್ಲೇ. ರೈಲು ಬಂದು ನಿಂತಾಗಲೇ ಸಂತೆ. ಅವತ್ತು ಮರೆತದ್ದಕ್ಕೆ ಮುಂದಿನ ರೈಲಿನವರೆಗೆ ಕಾಯಬೇಕು. ಡಿಸೆಂಬರ್‌ನಲ್ಲಿ ಅದೇ ರೈಲಲ್ಲಿ ಸಾಂಟಾ ಕ್ಲಾಸ್ ಉಡುಗೊರೆ ಹೊತ್ತು ಬರುತ್ತಿದ್ದ. ಅಲ್ಲಿ ಬೆಳೆದ ಮಕ್ಕಳಿಗೆ ಹಬ್ಬ ಅಂದರೆ ದೂರದಲ್ಲಿ ಕಾಣುವ ಇಂಜಿನ್ನೇ ಇರಬೇಕು, ಅಲ್ವಾ?

ನೀರಿನ ಕತೆಯನ್ನು ಮಾತ್ರ ಬೇಗ ಮುಗಿಸಲು ಮನಸ್ಸಾಗುವುದಿಲ್ಲ. ಊಲ್ಡಿಯಾದ ಮರಳಿನಡಿ ಸಿಹಿನೀರಿತ್ತು. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಅದನ್ನು ಕಾಪಾಡಿಕೊಂಡು ಬಂದಿದ್ದರು. ಉಗಿ ಇಂಜಿನ್‌ಗೆ ನೀರು ಬೇಕಿತ್ತು, ಮನೆಗಳಿಗೂ ಬೇಕಿತ್ತು. ರೈಲ್ವೆಯವರು ಬಾವಿ ತೋಡಿ ಎತ್ತಿದರು. 1926ರ ಹೊತ್ತಿಗೆ ನೀರು ಉಪ್ಪಾಗಿ, ಪಂಪು ನಿಂತಿತು. ರೈಲ್ವೆ ಮನೆಗಳ ಕಷ್ಟ ಹೇಳುವಾಗ ಆ ಜನರ ನಷ್ಟವನ್ನೂ ಹೇಳಲೇಬೇಕು.

1951ರಲ್ಲಿ ಡೀಸೆಲ್ ಇಂಜಿನ್ ಬಂತು. ಇಂಜಿನ್‌ಗೆ ನೀರು ತುಂಬಿಸುವ ಕೆಲಸ ಹೋಯಿತು. ಆಮೇಲೆ ಕಾಂಕ್ರೀಟ್ ಸ್ಲೀಪರ್, ಬೆಸುಗೆ ಹಾಕಿದ ಉದ್ದ ಹಳಿ, ದುರಸ್ತಿ ಯಂತ್ರಗಳು. ಹತ್ತಾರು ಕೈಗಳ ಕೆಲಸ ಒಂದು ಯಂತ್ರಕ್ಕೆ ಹೋಯಿತು. ಕೈಗಳು ಬೇಡವಾದಾಗ ಮನೆಗಳೂ ಬೇಡವಾದವು. ಇದೇ ಮಾರ್ಗದ ಕುಕ್ ಎಂಬ ಊರಿನಲ್ಲಿ ಶಾಲೆ, ಆಸ್ಪತ್ರೆ, ಈಜುಕೊಳ ಎಲ್ಲ ಇದ್ದವು. 1996ರಲ್ಲಿ ಟೀ ಆಂಡ್ ಶುಗರ್ ಕೊನೆಯ ಸಲ ಓಡಿತು. ಮರುವರ್ಷ ಸರ್ಕಾರ ರೈಲ್ವೆ ಸಂಸ್ಥೆಯನ್ನು ಖಾಸಗಿಯವರಿಗೆ ಮಾರಿತು, ಕುಕ್ ಹೆಚ್ಚುಕಮ್ಮಿ ಖಾಲಿಯಾಯಿತು.

ಈಗಲೂ ಸಿಡ್ನಿ ಮತ್ತು ಪರ್ತ್ ನಡುವೆ ಓಡುವ ಇಂಡಿಯನ್ ಪೆಸಿಫಿಕ್ ರೈಲು ಅಲ್ಲಿ ನಿಲ್ಲುತ್ತದೆ. ಪ್ರವಾಸಿಗರು ಇಳಿದು ಖಾಲಿ ಮನೆಗಳ ಮುಂದೆ ಫೋಟೋ ತೆಗೆದುಕೊಳ್ಳುತ್ತಾರೆ. ಇಂಜಿನ್‌ಗೆ ಡೀಸೆಲ್ ತುಂಬಿ, ಡ್ರೈವರ್ ಬದಲಾಗಿ, ರೈಲು ಹೊರಡುತ್ತದೆ.