ಲ್ಯಾಬ್ ಫೋಟೋಗೆ ನೀಲಿ ನೀರು ಯಾಕೆ?

ಪ್ರಶ್ನೆ: ನಮ್ಮದು ದಾವಣಗೆರೆಯ ಸಣ್ಣ ಬಯೋಟೆಕ್ ಸ್ಟಾರ್ಟಪ್. ಮೆಕ್ಕೆಜೋಳಕ್ಕೆ ಜೈವಿಕ ಗೊಬ್ಬರ ಮಾಡುತ್ತೇವೆ. ಒಳ್ಳೆಯ ಹುಡುಗರು ಬಂದು ಸೇರಬೇಕು ಅಂದರೆ ನಮ್ಮ ಟೀಮ್ ಹೇಗಿದೆ ಅಂತ ಫೋಟೋ, ವಿಡಿಯೋದಲ್ಲಿ ತೋರಿಸುವುದು ಹೇಗೆ?

ಉತ್ತರ: ಎಷ್ಟನೇ ಸಲ ಹೇಳುತ್ತಿದ್ದೇನೋ! ಕೆಲಸ ನಿಲ್ಲಿಸಿ ಪೋಸ್ ಕೊಡಬೇಡಿ. ಫೋಟೋಗ್ರಾಫರ್ ಇಡೀ ದಿನ ನಿಮ್ಮ ಜೊತೆಗಿರಲಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕ್ಯಾಮೆರಾ ಮರೆತಿರುತ್ತಾರೆ. ಅಲ್ಲಿಂದ ಮುಂದಿನದ್ದೇ ನಿಮಗೆ ಬೇಕಾದದ್ದು.

ಇಷ್ಟು ಹೇಳಿದರೂ ಶೂಟಿಂಗ್ ದಿನ ಒಬ್ಬರು ಫ್ಲಾಸ್ಕ್‌ಗೆ ನೀಲಿ ನೀರು ತುಂಬಿಕೊಂಡು ಬಂದೇ ಬರುತ್ತಾರೆ. ‘ಸೈನ್ಸ್ ಅಂದ್ರೆ ಸೈನ್ಸ್ ಥರ ಕಾಣಬೇಕಲ್ವಾ ಸಾರ್?’ ಯಾರಿಗೆ ಕಾಣಬೇಕು ಸ್ವಾಮಿ? ನಿಮ್ಮ ಫೋಟೋ ನೋಡುವುದು ಮದುವೆಗೆ ಬಂದ ನೆಂಟರಲ್ಲ. ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್ಸಿನಲ್ಲಿ ಎಂಎಸ್ಸಿ ಮುಗಿಸಿ, ದಿನಗಟ್ಟಲೆ ಲ್ಯಾಬಿನಲ್ಲಿ ನಿಂತವರು. ಕೈಗೆ ಗ್ಲೌಸ್ ಇಲ್ಲ, ಮೈಕ್ರೋಸ್ಕೋಪಿನ ಕೆಳಗೆ ಸ್ಲೈಡೇ ಇಲ್ಲ ಅನ್ನುವುದು ಅವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಹನಿಗಿಂತ ಕಡಿಮೆ ದ್ರವವನ್ನೂ ಅಳೆದು ಹಾಕುವ ಮೈಕ್ರೋಪಿಪೆಟ್ಟನ್ನು, ತುದಿಯಲ್ಲಿ ದ್ರವ ಇರುವಾಗ ಅಡ್ಡ ಹಿಡಿದರೆ ಅದು ಒಳಗೆ ಹರಿದು ಪಿಪೆಟ್ ಹಾಳಾಗುತ್ತದೆ. ಮೊದಲ ವರ್ಷದಲ್ಲೇ ಬೈಸಿಕೊಂಡು ಕಲಿತ ಪಾಠ ಅದು. ನಿಮ್ಮ ಪೋಸ್ಟರಿನಲ್ಲಿ ಹಾಗೇ ಹಿಡಿದು ನಕ್ಕರೆ, ‘ಇಲ್ಲಿ ಕಲಿಸೋರು ಯಾರೂ ಇಲ್ಲ’ ಅಂತ ನೀವೇ ಬೋರ್ಡ್ ಹಾಕಿದಂಗಾಯ್ತು. ಬಿಳಿ ಕೋಟಿನ ಇಸ್ತ್ರಿ ಮುರಿಯದಿದ್ದರೂ ಅಷ್ಟೇ, ಅನುಮಾನ ಬರುತ್ತದೆ.

ನಿಮ್ಮಲ್ಲಿ ಏನಿದೆ ನೋಡಿ. ಆಟೋಕ್ಲೇವ್, ಅಂದರೆ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ, 121 ಡಿಗ್ರಿಗೆ ಏರಿ, ಕಾಲು ಗಂಟೆ ಅಲ್ಲೇ ನಿಂತು, ಮತ್ತೆ ತಣ್ಣಗಾಗುವ ತನಕ ಕಾಯಲೇಬೇಕು. ಆಗ ನಡೆಯುವ ಮಾತೇ ನಿಮ್ಮ ಟೀಮು. ಸೂಕ್ಷ್ಮಜೀವಿ ಬೆಳೆಸುವ ಪ್ಲೇಟ್ ತುಂಬ ಬೂಸ್ಟು ಬಂದಾಗ ಹೊಸ ಹುಡುಗಿ ಅದನ್ನು ಮುಚ್ಚಿಡುತ್ತಾಳೋ, ಎಲ್ಲರಿಗೂ ತೋರಿಸುತ್ತಾಳೋ? ‘ನಿಮ್ಮ ಲೆಕ್ಕ ತಪ್ಪು’ ಅಂತ ಮಾಲೀಕರಿಗೆ ಹೇಳುವ ಧೈರ್ಯ ಯಾರಿಗಾದರೂ ಇದೆಯಾ? ರಾತ್ರಿ ಕರೆಂಟ್ ಹೋದರೆ ಫ್ರೀಜರ್ ನೋಡಲು ಓಡಿ ಬರುವವರು ಯಾರು? ಇದನ್ನು ಅವರ ಬಾಯಲ್ಲೇ ಹೇಳಿಸಿ. ಮಂಡಕ್ಕಿ, ಮಿರ್ಚಿ ಫೋಟೋನೂ ಇರಲಿ, ಆದರೆ ಲ್ಯಾಬ್ ಬೆಂಚಿನ ಮೇಲಲ್ಲ! ಅಲ್ಲಿ ತಿನ್ನುವಂತಿಲ್ಲ ಅಂತ ನೋಡುವವರಿಗೂ ಗೊತ್ತು.

ಇನ್ನೊಂದು ವಿಷಯ, ನೀವು ಕೇಳಿಲ್ಲ. ಹಿಂದೆ ಕಾಣುವ ವೈಟ್‌ಬೋರ್ಡ್ ಒರೆಸಿದ್ದೀರಾ? ಪೇಟೆಂಟ್ ಅರ್ಜಿ ಹಾಕುವ ಮೊದಲೇ ನಿಮ್ಮ ಹೊಸ ವಿಧಾನ ಫೋಟೋದಲ್ಲಿ ಓದುವಂತೆ ಹೊರಬಿದ್ದರೆ, ಅದು ಹೊಸದು ಅನ್ನುವ ಹಕ್ಕಿಗೇ ಕುತ್ತು. ನಮ್ಮ 1970ರ ಪೇಟೆಂಟ್ ಕಾಯಿದೆಯಲ್ಲಿ 12 ತಿಂಗಳ ವಿನಾಯಿತಿ ಇದೆ ನಿಜ. ಅದು ಸರ್ಕಾರ ಗುರುತಿಸಿದ ಪ್ರದರ್ಶನ, ವಿದ್ವತ್ ಸಭೆಯ ಪ್ರಬಂಧ ಇಂಥವಕ್ಕೆ. ನೇಮಕಾತಿ ಪೋಸ್ಟರ್ ಆ ಪಟ್ಟಿಯಲ್ಲಿಲ್ಲ. ತಾತ್ಕಾಲಿಕ ಅರ್ಜಿಯನ್ನಾದರೂ ಮೊದಲು ಹಾಕಿ, ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಅಲ್ಲಿಯವರೆಗೆ ಬೋರ್ಡಿನ ಕಡೆ ಕ್ಯಾಮೆರಾ ತಿರುಗಿಸುವುದು ಬೇಡ.